ಹೊಸ ಮೀನುತೊಟ್ಟಿಯ ಬಿಳಿಚುಕ್ಕೆ ರೋಗ: ಕಾರಣ ಮತ್ತು ಚಿಕಿತ್ಸೆ

ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಗಾಜಿನ ಮೀನುತೊಟ್ಟಿಯೊಂದಿದ್ದರೆ ಜೀವಶಾಸ್ತ್ರದ ಅನೇಕ ಪಾಠಗಳು ಕಣ್ಣೆದುರಿಗೇ ನಡೆಯುತ್ತವೆ. ಆದರೆ ಹೊಸ ತೊಟ್ಟಿಗೆ ಮೀನುಗಳನ್ನು ಬಿಟ್ಟ ಒಂದೆರಡು ವಾರಗಳಲ್ಲಿಯೇ ಅವುಗಳ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಮೂಡಿ, ಮೀನುಗಳು ಒಂದೊಂದಾಗಿ ಸಾಯುವುದುಂಟು. ಕಾರಣವನ್ನರಿತರೆ ಈ ಸಾವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಕೊಡಗಿನ ಪಾಲಿಬೆಟ್ಟದಂತಹ ತಂಪು ಪ್ರದೇಶದಲ್ಲಿ ಈ ರೋಗದ ನಡೆ ಬಯಲುಸೀಮೆಗಿಂತ ನಿಧಾನವಾಗಿರುವುದರಿಂದ, ಅಲ್ಲಿನ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೋಗಕಾರಕ ಜೀವಿ

ಈ ರೋಗಕ್ಕೆ ಕಾರಣ ಲೋಮಾಂಗಗಳಿಂದ ಚಲಿಸುವ ಒಂದು ಏಕಕೋಶ ಪರೋಪಜೀವಿ. 1876ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೆ ಇದಕ್ಕೆ ‘ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಯಿಸ್’ ಎಂದು ಹೆಸರಿಟ್ಟನು. ‘ಬಹುಸಂತಾನದ ಮೀನುಹೇನು’ ಎಂಬುದು ಅದರ ಅರ್ಥ. ಹೆಸರು ಅನ್ವರ್ಥಕವೇ ಆಗಿದೆ.

ಇದರ ಬಾಳು ಮೂರು ಅವಸ್ಥೆಗಳಲ್ಲಿ ಸಾಗುತ್ತದೆ. ಮೊದಲನೆಯದರಲ್ಲಿ ಅದು ಮೀನಿನ ಹೊರಚರ್ಮದ ಕೆಳಗೆ ಅಡಗಿ, ಅಲ್ಲಿನ ಜೀವಕೋಶಗಳನ್ನು ತಿಂದು ಬೆಳೆಯುತ್ತದೆ; ನಮಗೆ ಕಾಣುವ ಬಿಳಿಚುಕ್ಕೆ ಇದೇ. ಎರಡನೆಯದರಲ್ಲಿ ಬಲಿತ ಜೀವಿಯು ಮೀನನ್ನು ಬಿಟ್ಟು ತಳದ ಮರಳು, ಕಲ್ಲು, ಗಿಡಗಳಿಗೆ ಅಂಟಿಕೊಂಡು, ಸುತ್ತಲೂ ಕೋಶಕವನ್ನು ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಮೂರನೆಯದರಲ್ಲಿ ಆ ಮರಿಗಳು ಹೊರಬಂದು ನೀರಿನಲ್ಲಿ ಈಜುತ್ತ ಮೀನನ್ನು ಅರಸುತ್ತವೆ. ಒಂದೆರಡು ದಿನಗಳಲ್ಲಿ ಮೀನು ದೊರೆಯದಿದ್ದರೆ ಸಾಯುತ್ತವೆ.

ಮದ್ದು ನಾಟುವುದು ಈ ಮೂರನೆಯ ಅವಸ್ಥೆಯಲ್ಲಿ ಮಾತ್ರ. ಚರ್ಮದೊಳಗಿನ ಜೀವಿಗೂ ಕೋಶಕದೊಳಗಿನ ಜೀವಿಗೂ ಅದು ತಟ್ಟದು. ಆದ್ದರಿಂದ ಚುಕ್ಕೆಗಳು ಮಾಯವಾದೊಡನೆ ರೋಗ ಗುಣವಾಯಿತೆಂದು ಚಿಕಿತ್ಸೆ ನಿಲ್ಲಿಸಿದರೆ, ತಳದಲ್ಲಿ ಕಾದಿರುವ ಸಂತಾನವು ಮೊದಲಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮೇಲೇಳುತ್ತದೆ.

ಹೊಸ ತೊಟ್ಟಿಯಲ್ಲೇ ಏಕೆ?

ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಉಂಟಾಗುತ್ತದೆ. ಹಳೆಯ ತೊಟ್ಟಿಯಲ್ಲಿ ಉಪಕಾರಿ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ಅಪಾಯ ಕಡಿಮೆಯಿರುವ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ವಿಷಯುಕ್ತ ನೀರು, ಪ್ರಯಾಣದ ಆಯಾಸ, ರಾತ್ರಿಯ ಚಳಿ ಎಲ್ಲವೂ ಸೇರಿ ಮೀನಿನ ನಿರೋಧಶಕ್ತಿಯನ್ನು ಕುಗ್ಗಿಸುತ್ತವೆ. ಅಂಗಡಿಯಿಂದ ಬಂದ ಒಂದೇ ಮೀನಿನೊಡನೆ ಒಳಹೊಕ್ಕ ರೋಗವು ಇಂತಹ ತೊಟ್ಟಿಯಲ್ಲಿ ಬೇಗನೆ ಹರಡುತ್ತದೆ.

ಚಿಕಿತ್ಸಾಕ್ರಮ

ಮೊದಲನೆಯದು ಉಷ್ಣತೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಜೀವನಚಕ್ರವು ಒಂದು ವಾರದೊಳಗೆ ಮುಗಿಯುತ್ತದೆ. 15 ಡಿಗ್ರಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಚಳಿಗಾಲದ ಪಾಲಿಬೆಟ್ಟದಲ್ಲಿ ಬಯಲುಸೀಮೆಯ ಲೆಕ್ಕದಂತೆ ಐದಾರು ದಿನ ಮದ್ದು ಹಾಕಿ ನಿಲ್ಲಿಸುವುದು ಈ ಕಾರಣದಿಂದ ವ್ಯರ್ಥ. ತೊಟ್ಟಿಯ ಹೀಟರಿನಿಂದ ನೀರನ್ನು ಗಂಟೆಗೆ ಒಂದು ಡಿಗ್ರಿ ಮೀರದಂತೆ, ಮೀನಿನ ಜಾತಿ ತಾಳುವಷ್ಟು ಮಾತ್ರ, 28ರಿಂದ 30 ಡಿಗ್ರಿಯವರೆಗೆ ಏರಿಸಬೇಕು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪು ಸದಾ ನಡೆಯುತ್ತಿರಬೇಕು.

ಎರಡನೆಯದು ಉಪ್ಪು. ಲೀಟರಿಗೆ 2 ಗ್ರಾಂ ಕಲ್ಲುಪ್ಪು ಎಂದು ಲೆಕ್ಕ ಹಾಕಬಹುದು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ 54 ಲೀಟರಿನದು. ಮರಳು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ನೀರು ಸುಮಾರು 45 ಲೀಟರು. ಅದಕ್ಕೆ ಬೇಕಾದ 90 ಗ್ರಾಂ ಉಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ, 30 ಗ್ರಾಂನಂತೆ ಮೂರು ಸಲ, ಒಂದು ದಿನದ ಅವಧಿಯಲ್ಲಿ ಸೇರಿಸಬೇಕು. ಉಪ್ಪು ಮರಿಗಳನ್ನು ಕುಂದಿಸುವುದಲ್ಲದೆ ಗಾಯಗೊಂಡ ಮೀನಿನ ದೇಹದ ಲವಣ ಸಮತೋಲನಕ್ಕೂ ನೆರವಾಗುತ್ತದೆ. ಹುರುಪೆಯಿಲ್ಲದ ಮೀನುಗಳೂ ಕೆಲವು ನೀರಗಿಡಗಳೂ ಉಪ್ಪನ್ನು ಚೆನ್ನಾಗಿ ತಾಳವು, ಅವನ್ನು ಗಮನಿಸುತ್ತಿರಬೇಕು.

ಮೂರನೆಯದು ಶುಚಿತ್ವ. ದಿನವೂ ರಬ್ಬರ್ ಕೊಳವೆಯಿಂದ ತಳದ ಕಸವನ್ನು ಹೀರಿ ತೆಗೆದು, ಕಾಲುಭಾಗ ನೀರನ್ನು ಬದಲಿಸಬೇಕು. ಇದರಿಂದ ಕೋಶಕಗಳೂ ಅಮೋನಿಯವೂ ಒಟ್ಟಿಗೆ ತಗ್ಗುತ್ತವೆ. ಹೊಸ ನೀರು ಕ್ಲೋರಿನ್ ಇಲ್ಲದ್ದೂ ತೊಟ್ಟಿಯಷ್ಟೇ ಬೆಚ್ಚಗಿನದೂ ಆಗಿರಲಿ; ಸೇರಿಸುವ ನೀರಿಗೆ ಮಾತ್ರ ಉಪ್ಪು ಬೆರೆಸಬೇಕು. ಆಹಾರವನ್ನು ಮಿತಗೊಳಿಸಬೇಕು. ಕೊನೆಯ ಚುಕ್ಕೆ ಮರೆಯಾದ ಮೇಲೂ ಹತ್ತು ದಿನ ಈ ಕ್ರಮ ನಡೆಯಲಿ. ಹೀಟರ್ ಇಲ್ಲದ ತಣ್ಣನೆಯ ತೊಟ್ಟಿಯಲ್ಲಿ ಒಂದು ತಿಂಗಳಾದರೂ ಬೇಕು.

ಮಲಾಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಪ್ರಬಲವಾದ ಮದ್ದುಗಳು. ಆದರೆ ಇವು ಮನುಷ್ಯರಿಗೂ ಅಪಾಯಕಾರಿಯಾದ್ದರಿಂದ ಮಕ್ಕಳ ಕೈಗೆ ಸಿಗಬಾರದು. ತಿನ್ನುವ ಮೀನಿಗೆ ಮಲಾಕೈಟ್ ಗ್ರೀನ್ ಸರ್ವಥಾ ಸಲ್ಲದು.

ಮೈಲುತುತ್ತದ ವಿಷಯದಲ್ಲಿ ಎಚ್ಚರಿಕೆ

ಪಾಲಿಬೆಟ್ಟದ ಸುತ್ತಲೂ ಕಾಫಿ ತೋಟಗಳು. ಎಲೆತುಕ್ಕು ಮತ್ತು ಕೊಳೆರೋಗಗಳಿಗೆ ಸಿಂಪಡಿಸುವ ಬೋರ್ಡೊ ಮಿಶ್ರಣಕ್ಕಾಗಿ ಮೈಲುತುತ್ತವನ್ನು ತೋಟಗಾರರು ಬಳಸುತ್ತಾರೆ. ತಾಮ್ರವು ಈ ಪರೋಪಜೀವಿಯನ್ನು ಕೊಲ್ಲುವುದು ನಿಜ. ಆದರೆ ಲವಣಾಂಶ ಕಡಿಮೆಯಿರುವ ಮೃದು ನೀರಿನಲ್ಲಿ ಮದ್ದಿನ ಪ್ರಮಾಣಕ್ಕೂ ಮೀನನ್ನೇ ಕೊಲ್ಲುವ ಪ್ರಮಾಣಕ್ಕೂ ಅಂತರ ಅತ್ಯಲ್ಪ. ಚಿಟಿಕೆಯ ಅಂದಾಜಿನಲ್ಲಿ ಅದನ್ನು ತೊಟ್ಟಿಗೆ ಹಾಕಲೇಬಾರದು. ಸಿಂಪಡಣೆಗೆ ಬಳಸಿದ ಬಕೆಟ್ಟಿನಲ್ಲಿ ತೊಟ್ಟಿಗೆ ನೀರು ತರಲೂಬಾರದು.

ಮುನ್ನೆಚ್ಚರಿಕೆ ಮತ್ತು ಹೊಣೆ

ತೊಟ್ಟಿಯನ್ನು ಹದಗೊಳಿಸಿದ ಮೇಲೆಯೇ, ಒಮ್ಮೆಗೆ ಎರಡು ಮೂರು ಮೀನುಗಳಂತೆ, ಬೇರೆ ಪಾತ್ರೆಯಲ್ಲಿ ಮೂರು ನಾಲ್ಕು ವಾರ ಇರಿಸಿ ನೋಡಿ, ಒಳಗೆ ಬಿಡಬೇಕು. ರೋಗದ ತೊಟ್ಟಿಯ ನೀರನ್ನಾಗಲಿ ಬೇಡವಾದ ಮೀನುಗಳನ್ನಾಗಲಿ ತೋಡಿಗೆ ಬಿಡಕೂಡದು. ಈ ಸೀಮೆಯ ತೋಡುಗಳು ಕಾವೇರಿಯನ್ನು ಸೇರುತ್ತವೆ. ಆ ನದಿಯ ಡುಬ್ಬದ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ.

ಜೀವದಯೆಯನ್ನು ಆಚಾರವಾಗಿ ಬೋಧಿಸಿದ ಶರಣರ ಪರಂಪರೆಯಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೆ ಮೀನುತೊಟ್ಟಿ ಅಲಂಕಾರದ ವಸ್ತುವಾಗಿ ಉಳಿಯಲಾಗದು. ದಾನಿಗಳು ತೊಟ್ಟಿ ಕೊಡಿಸುವಾಗ ಉಷ್ಣತಾಮಾಪಕ, ಹೀಟರ್ ಮತ್ತು ಅಮೋನಿಯ ಪರೀಕ್ಷೆಯ ಸಾಧನವನ್ನೂ ಜೊತೆಗೆ ಕೊಡಿಸಿದರೆ, ಉಪಾಧ್ಯಾಯರು ನಿತ್ಯದ ಆರೈಕೆಯ ದಿನಚರಿಯನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿದರೆ, ಒಂದು ಮೀನಿನ ಆರೈಕೆಯಿಂದ ಮಕ್ಕಳು ಶಾಸ್ತ್ರವನ್ನೂ ಕಾಯಕವನ್ನೂ ಒಟ್ಟಿಗೆ ಕಲಿಯುವರು.