ಶಾಲೆಯಲ್ಲಿಯೂ ಊರಿನಲ್ಲಿಯೂ ವಾದ್ಯಶಿಕ್ಷಣ

ಸಂಗೀತವು ಕಿವಿಯಿಂದ ಹೊಕ್ಕು ಕಂಠದಲ್ಲಿಯೂ ಕೈಯಲ್ಲಿಯೂ ನೆಲೆಗೊಳ್ಳತಕ್ಕ ವಿದ್ಯೆ. ಪುಸ್ತಕವನ್ನೋದಿ ಭೂಗೋಳವನ್ನು ಕಲಿಯಬಹುದು. ಪಿಟೀಲಿನ ಕಮಾನನ್ನು ಹಿಡಿಯುವ ಬಗೆಯನ್ನು ಹಾಗೆ ಕಲಿಯಲಾಗದು. ತಪ್ಪಿದ ಬೆರಳನ್ನು ಆ ಕ್ಷಣದಲ್ಲಿಯೇ ತಿದ್ದುವ ಗುರುವು ಎದುರಿಗಿರಬೇಕು. ಬಳ್ಳಾರಿಯ ಬಾಲಿಕೆಯರಿಗೂ, ಸಿರುಗುಪ್ಪ ಕುರುಗೋಡುಗಳ ಬಾಲಿಕೆಯರಿಗೂ ಅಂಥ ಗುರುವೂ ವಾದ್ಯವೂ ದೊರೆಯುವ ಬಗೆ ಹೇಗೆಂಬುದು ಈ ಲೇಖನದ ವಿಚಾರ.

ಹಿಂದೆ ಶಿಷ್ಯರು ಗುರುವಿದ್ದೆಡೆಗೆ ಹೋಗುವುದು ವಾಡಿಕೆಯಾಗಿತ್ತು. ಶ್ರೀಮತಿ ಗಂಗೂಬಾಯಿ ಹಾನಗಲ್ (1913–2009) ಅವರು ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳುವುದಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಆ ಛಲವು ಎಲ್ಲರಿಗೂ ಸ್ತುತ್ಯ. ಆದರೆ ಸಂಜೆಯಾಗುವುದರೊಳಗೆ ಮನೆ ಸೇರಬೇಕಾದ ಸಿರುಗುಪ್ಪದ ಹನ್ನೆರಡು ವರ್ಷದ ಹುಡುಗಿಯಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ದೂರದ ದೆಸೆಯಿಂದ ಎಷ್ಟೋ ಬಾಲಿಕೆಯರ ವಿದ್ಯೆಯು ಮೊಳಕೆಯಲ್ಲಿಯೇ ನಿಂತುಹೋಗುತ್ತದೆ.

ಆದಕಾರಣ ಗುರುವೇ ಶಿಷ್ಯರಿದ್ದೆಡೆಗೆ ಬರಬೇಕು. ಇದಕ್ಕೆ ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿಯುಂಟು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಶಿಷ್ಯರನ್ನು ಜೊತೆಯಲ್ಲಿಟ್ಟುಕೊಂಡು ಊರೂರು ಸಂಚರಿಸಿ ಪಾಠ ಹೇಳಿದರು; ಕಡೆಗೆ ಗದಗಿನಲ್ಲಿ ನೆಲೆನಿಂತರು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಬಡವರಿಗೂ ಅನ್ನದೊಡನೆ ಸಂಗೀತವು ದೊರೆಯಿತು. ಬಸವರಾಜ ರಾಜಗುರುಗಳೂ, ಅನೇಕ ವಾದ್ಯಗಳಲ್ಲಿ ಪರಿಣತರಾದ ಪುಟ್ಟರಾಜ ಗವಾಯಿಗಳೂ (1914–2010) ಅವರ ಶಿಷ್ಯರೇ. ಪಂಚಾಕ್ಷರಿ ಗವಾಯಿಗಳು ಹಿಂದೂಸ್ತಾನಿ, ಕರ್ನಾಟಕ ಎಂಬ ಎರಡೂ ಪದ್ಧತಿಗಳನ್ನು ಬಲ್ಲವರು. ಎರಡರ ಗಾಳಿಯೂ ಬೀಸುವ ಬಳ್ಳಾರಿಯ ಸೀಮೆಗೆ ಈ ಮಾದರಿಯು ಬಹಳ ಒಪ್ಪುತ್ತದೆ.

ಊರಿನಲ್ಲಿ ಈಗಾಗಲೇ ಇರುವ ವಿದ್ಯೆಯನ್ನು ಮರೆಯಕೂಡದು. ಸಂಡೂರು ತಾಲೂಕಿನ ದರೋಜಿಯ ಈರಮ್ಮನವರು ಅಕ್ಷರ ಬಲ್ಲವರಲ್ಲ. ಆದರೂ ಕುಮಾರರಾಮನ ಕಥೆಯೇ ಮೊದಲಾದ ದೀರ್ಘ ಕಾವ್ಯಗಳನ್ನು ಬುರ್ರಕಥೆಯ ಧಾಟಿಯಲ್ಲಿ ಬಾಯಿಪಾಠವಾಗಿ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನಿತ್ತಿತು. 2014ರಲ್ಲಿ ಅವರು ತೀರಿಕೊಂಡರು. ಅವರ ಹಾಡುಗಳಲ್ಲಿ ಕೆಲವು ಅಚ್ಚಾಗಿ ಉಳಿದಿವೆ; ಆದರೆ ಜೊತೆಯವರ ಚರ್ಮವಾದ್ಯದ ಪೆಟ್ಟಿಗೆ ಸರಿಯಾಗಿ ಕಥೆಯನ್ನು ಏರಿಸಿ ಇಳಿಸುವ ಕುಶಲತೆಯು ಅಚ್ಚಿನಲ್ಲಿ ಉಳಿಯತಕ್ಕದ್ದಲ್ಲ. ಎಳೆಯರು ಬಳಿಯಲ್ಲಿ ಕುಳಿತು ಕೇಳಿ ಕಲಿತರೆ ಮಾತ್ರ ಅದು ಉಳಿದೀತು.

ಇನ್ನು ಪಾಠದ ಕ್ರಮ. ಮೊದಲು ಶ್ರುತಿ, ಬಳಿಕ ತಾಳ, ಆಮೇಲೆ ವಾದ್ಯ. ತಂಬೂರಿಯ ನಾದಕ್ಕೆ ತನ್ನ ಷಡ್ಜವನ್ನು ಕೂಡಿಸಲರಿಯದ ಹುಡುಗಿಯ ಕೈಗೆ ಯಾವ ವಾದ್ಯವನ್ನು ಕೊಟ್ಟರೂ ಅದು ಸದ್ದು ಮಾಡೀತೇ ಹೊರತು ನುಡಿಯದು. ಸರಳೆ, ಜಂಟಿ, ಅಲಂಕಾರಗಳೆಂಬ ಮೆಟ್ಟಿಲುಗಳನ್ನು ಪುರಂದರದಾಸರು ಏರ್ಪಡಿಸಿದರೆಂಬುದು ಪರಂಪರೆಯ ಮಾತು. ಇವನ್ನು ಮಾಯಾಮಾಳವಗೌಳದಲ್ಲಿ ಕಲಿಸುವುದರಿಂದ ಒಂದು ಅನುಕೂಲವುಂಟು: ಸ ರಿ ಗ ಮ ಎಂಬಲ್ಲಿ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ, ಪ ದ ನಿ ಸ ಎಂಬಲ್ಲಿಯೂ ಅಷ್ಟಷ್ಟೇ ಇದೆ. ಮೊದಲರ್ಧವನ್ನು ಬಲ್ಲ ಕಿವಿಗೆ ಎರಡನೆಯದು ಸುಲಭ. ಹಿಂದೂಸ್ತಾನಿಯ ಭೈರವ ಥಾಟಿನ ಸ್ವರಗಳೂ ಇವೇ ಆದುದರಿಂದ, ಮುಂದೆ ಯಾವ ಪದ್ಧತಿಯನ್ನು ಹಿಡಿದರೂ ಈ ಅಭ್ಯಾಸವು ವ್ಯರ್ಥವಾಗದು.

ವಾದ್ಯದ ಆಯ್ಕೆಯಲ್ಲಿಯೂ ವಿವೇಕವಿರಬೇಕು. ಹಾರ್ಮೋನಿಯಂ ಬೇಗನೆ ಕೈಗೆ ಹತ್ತುತ್ತದೆ, ಸಮೂಹಗಾನಕ್ಕೆ ಅನುಕೂಲ. ಆದರೆ ಅದರ ಸ್ವರಗಳು ಸ್ಥಿರವಾಗಿರುವುದರಿಂದ, ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಅದರಲ್ಲಿ ನುಡಿಯದು. ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿದ್ದುದಕ್ಕೆ ಈ ಆಕ್ಷೇಪವೂ ಒಂದು ಕಾರಣ. ಪಿಟೀಲು, ವೀಣೆ, ಕೊಳಲುಗಳಲ್ಲಿ ಗಮಕವು ಸಾಧ್ಯ. ಅವುಗಳಿಗೆ ತಾಳ್ಮೆಯೂ ಹೆಚ್ಚು ಬೇಕು.

ಕಾರ್ಯರೂಪದ ಮಾತು ಇಷ್ಟು. ಶಿಕ್ಷಕರು ಒಬ್ಬರೇ ಇದ್ದರೂ ವಾರದ ದಿನಗಳನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಿಗೆ ಹಂಚಿಕೊಳ್ಳಬಹುದು. ವಾದ್ಯಗಳು ಶಾಲೆಯ ಸೊತ್ತಾಗಿದ್ದರೆ ಕೊಳ್ಳಲಾರದ ಮನೆಯ ಮಗಳೂ ಸರದಿಯಂತೆ ನುಡಿಸಿಯಾಳು. ತಿಂಗಳಿಗೊಂದು ಸಂಜೆ ಬಯಲಾಟದ ಮದ್ದಲೆಯವರನ್ನೂ ತತ್ವಪದ ಹಾಡುವವರನ್ನೂ ಶಾಲೆಯ ಅಂಗಳಕ್ಕೆ ಕರೆದು, ಅವರಿಗೆ ತಕ್ಕ ಸಂಭಾವನೆಯನ್ನಿತ್ತು, ಊರವರೊಡನೆ ಮಕ್ಕಳನ್ನು ಮುಂದೆ ಕುಳ್ಳಿರಿಸಬೇಕು. ಮೊಬೈಲ್ ಫೋನಿನಲ್ಲಿ ಎಷ್ಟು ಸಂಗೀತವನ್ನು ಕೇಳಿದರೂ, ಮದ್ದಲೆಯ ಪೆಟ್ಟು ಎದೆಗೆ ತಾಕುವ ಅನುಭವವು ಬೇರೆಯೇ.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ವಿವಾಹವಾದ ಬಳಿಕ ನಿಮ್ಮಲ್ಲಿ ಎಷ್ಟೋ ಮಂದಿಯ ವೀಣೆ ಪಿಟೀಲುಗಳು ಗವಸಣಿಗೆಯಲ್ಲಿಯೇ ಮಲಗಿರಬಹುದು. ಅವನ್ನು ತಂತಿ ಕಟ್ಟಿಸಿ ಶಾಲೆಗೆ ಒಪ್ಪಿಸಿರಿ. ಸಾಧ್ಯವಾದರೆ ವಾರಕ್ಕೊಂದು ಗಂಟೆ ಬಂದು ಕಲಿಸಿರಿ. ತಾಯಿತಂದೆಗಳೇ, ಮಗಳ ಮೊದಲ ವರ್ಷದ ಅಪಸ್ವರವನ್ನು ಸೈರಿಸಿರಿ. ಪರೀಕ್ಷೆ ಹತ್ತಿರ ಬಂತೆಂದು ಮೊದಲು ಸಂಗೀತದ ಪಾಠವನ್ನೇ ಬಿಡಿಸಬೇಡಿರಿ. ದಿನಕ್ಕೆ ಅರ್ಧ ಗಂಟೆಯ ಸಾಧನೆಯಿಂದ ಓದು ಕೆಡುವುದಿಲ್ಲ. ಒಮ್ಮೆ ಬಿಟ್ಟ ಕೈಯನ್ನು ಮತ್ತೆ ಹದಕ್ಕೆ ತರುವುದು ಮಾತ್ರ ಬಹಳ ಕಷ್ಟ.