ಹಳ್ಳದ ಮೀನು, ಮನೆಯ ತೊಟ್ಟಿ

ಪ್ರಶ್ನೆ: ನನ್ನ ಮಗ ಒಂಬತ್ತನೇ ಇಯತ್ತೆ ಓದುತ್ತಿದ್ದಾನೆ. ಈ ಮಳೆಗಾಲದಲ್ಲಿ ಗೆಳೆಯರ ಜತೆ ತುಪ್ಪರಿ ಹಳ್ಳಕ್ಕೆ ಹೋಗಿ ಸಣ್ಣ ಮೀನು ಹಿಡಿದು ತಂದ. ಹುಬ್ಬಳ್ಳಿಯಿಂದ ತರಿಸಿದ ಗಾಜಿನ ತೊಟ್ಟಿಯಲ್ಲಿ, ಅಂಗಡಿಯ ಎರಡು ಗೋಲ್ಡ್ ಫಿಶ್ ಜತೆಗೆ ಅವನ್ನೂ ಬಿಟ್ಟಿದ್ದಾನೆ. ಹಳ್ಳದ ಮೀನು ಒಂದೊಂದಾಗಿ ಸಾಯುತ್ತಿವೆ. ‘ಹರಿಯೂ ನೀರಿನ ಜೀವ ತಂದು ಸೆರಿಯಾಗ ಇಟ್ಟೀಯಲ್ಲೋ’ ಎಂದು ಅತ್ತೆಯವರು ಗದರುತ್ತಾರೆ. ‘ಅಪ್ಪ ಮೀನ ತಿಂತಾನ. ಅದಕ್ಕ ಬರದ ಪಾಪ ನಾ ಸಾಕಿದ್ರ ಹ್ಯಾಂಗ ಬರತೈತಿ?’ ಎಂದು ಇವನ ವಾದ. ಉಳಿದ ಮೀನುಗಳನ್ನು ಹಳ್ಳಕ್ಕೇ ಬಿಡಿಸಲೇ? ಇನ್ನು ಮುಂದೆ ಅಂಗಡಿ ಮೀನಷ್ಟೇ ಸಾಕು ಅನ್ನಲೇ?
– ಒಬ್ಬ ತಾಯಿ, ಮೊರಬ

ಉತ್ತರ: ಮೀನಿಗಿಂತ ಮೊದಲು ಹುಡುಗನ ವಿಚಾರ. ನಿಮ್ಮೂರಲ್ಲಿ ಹನಿ ಬೀಳದಿದ್ದರೂ ಧಾರವಾಡದ ಕಡೆ ಮಳೆಯಾದರೆ ಹಳ್ಳ ಏರುತ್ತದೆ. ಅದು ನಿಮಗೆ ಗೊತ್ತಿರುವುದೇ. ಮಳೆಗಾಲದಲ್ಲಿ ದೊಡ್ಡವರಿಲ್ಲದೆ ಹಳ್ಳಕ್ಕಿಳಿಯಕೂಡದು. ಈ ಮಾತಿನಲ್ಲಿ ರಾಜಿ ಬೇಡ.

ಅವನ ಪ್ರಶ್ನೆಯನ್ನು ಮಾತ್ರ ಎದುರುತ್ತರವೆಂದು ತಳ್ಳಬೇಡಿ. ತಿನ್ನುವವನು ಮೀನಿನ ಬದುಕಿನ ಹೊಣೆ ಹೊತ್ತಿರುವುದಿಲ್ಲ, ಸಾಕುವವನು ಹೊತ್ತಿರುತ್ತಾನೆ. ಮನೆಗೆ ತಂದ ಗಳಿಗೆಯಿಂದ ನೀರು, ಉಸಿರು, ಆಹಾರ ಎಲ್ಲಕ್ಕೂ ಆ ಜೀವ ಅವನ ಕೈಯನ್ನೇ ನೋಡಬೇಕು. ಹಿಡಿದದ್ದಕ್ಕಿಂತ, ಹಿಡಿದ ಮೇಲೆ ಗೊತ್ತಿಲ್ಲದೆ ಸಾಯಗೊಟ್ಟದ್ದು ಹೆಚ್ಚಿನ ತಪ್ಪು. ಇದನ್ನು ಅವನಿಗೆ ನೇರವಾಗಿ ಹೇಳಿ.

ಅಂಗಡಿ ಮೀನಾದರೆ ದೋಷವಿಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಗೋಲ್ಡ್ ಫಿಶ್, ಗಪ್ಪಿ ಮುಂತಾದವು ಚೆನ್ನೈನ ಕೊಳತ್ತೂರಿನಂಥ ಕಡೆ ಸಾಕಣೆಯಲ್ಲೇ ಹುಟ್ಟುತ್ತವೆ. ಸಮುದ್ರದ ಬಣ್ಣದ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ‘ಮಿಸ್ ಕೇರಳ’ ಎಂಬ ಕೆಂಪು ಗೆರೆಯ ಮೀನು ಕೇರಳದ ಮತ್ತು ನಮ್ಮ ದಕ್ಷಿಣದ ಘಟ್ಟದ ಹೊಳೆಗಳದ್ದು. 1990ರ ದಶಕದಿಂದ ಅದನ್ನು ಹೊಳೆಯಿಂದಲೇ ಹಿಡಿದು ಹೊರದೇಶಗಳಿಗೆ ಕಳಿಸತೊಡಗಿದರು. ಈಗ ಅದು ಅಳಿವಿನಂಚಿನ ಮೀನುಗಳ ಸಾಲಿನಲ್ಲಿದೆ. ಕರ್ನಾಟಕ, ಮಹಾರಾಷ್ಟ್ರದ ಘಟ್ಟದ ಹೊಳೆಗಳ ಜೀಬ್ರಾ ಲೋಚ್ ಕೂಡ ಅದೇ ಸಾಲಿನದು. ಹಾಗೆಂದು ಹೊಳೆಯ ಮೀನೆಲ್ಲ ನಿಷಿದ್ಧ ಅನ್ನಲೂ ಆಗದು. ಬ್ರೆಜಿಲ್‌ನ ರಿಯೊ ನೀಗ್ರೊ ನದಿಯ ಬಾರ್ಸೆಲೋಸ್ ಊರಿನ ಹಲವರು ಕಾರ್ಡಿನಲ್ ಟೆಟ್ರಾ ಮೀನು ಹಿಡಿದು ಮಾರಿ ಬದುಕುತ್ತಾರೆ. ಆ ದುಡಿಮೆ ಇರುವುದರಿಂದ ಕಾಡು ಕಡಿಯುವ ಅಗತ್ಯ ಕಡಿಮೆ. ಆದ್ದರಿಂದ ಹೊಳೆಯದೋ ಸಾಕಣೆಯದೋ ಎಂದು ಅಂಗಡಿಯವರನ್ನು ಕೇಳುವುದನ್ನು ಮಗ ಕಲಿಯಲಿ. ಹೊಳೆಯದಾದರೆ, ತೆಗೆದಷ್ಟು ಅಲ್ಲಿ ಮತ್ತೆ ತುಂಬಿಕೊಳ್ಳುತ್ತದೆಯೇ ಎಂಬುದು ಮುಂದಿನ ಪ್ರಶ್ನೆ.

ಇನ್ನು ಬಿಡಿಸುವ ಮಾತು. ಹಳ್ಳದ ಮೀನು ಬೇರೆಯಾಗಿಯೇ ಇದ್ದು, ಆರೋಗ್ಯವಾಗಿದ್ದಿದ್ದರೆ ಹಿಡಿದ ಮಡುವಿಗೇ ಬಿಟ್ಟುಬರಬಹುದಿತ್ತು. ಅಂಗಡಿ ಮೀನಿನ ಜತೆ ಒಂದೇ ನೀರಿನಲ್ಲಿದ್ದು ಸಾಯುತ್ತಿರುವ ಮೀನುಗಳಿಂದ ಹಳ್ಳಕ್ಕೆ ರೋಗ ತಗಲಬಹುದು. ಹಾಗಾಗಿ ಬಿಡುವ ದಾರಿ ಈಗ ಮುಚ್ಚಿದೆ. ಅವು ಬದುಕುವಷ್ಟು ದಿನ ಅವನೇ ನೋಡಿಕೊಳ್ಳಬೇಕು. ಗೋಲ್ಡ್ ಫಿಶ್ ಬೇಸರವಾಯಿತೆಂದು ಕುಡಿಯುವ ನೀರಿನ ಕೆರೆಗೋ ಮಲಪ್ರಭಾ ಕಾಲುವೆಗೋ ಸುರಿಯುವುದಂತೂ ಬೇಡವೇ ಬೇಡ. ತೊಟ್ಟಿಯ ಗಾಜು ನೆಕ್ಕುವ ‘ಸಕ್ಕರ್’ ಮೀನನ್ನು ಹೀಗೆ ಬಿಟ್ಟುಬಿಟ್ಟು, ದಕ್ಷಿಣ ಭಾರತದ ಹಲವು ಕೆರೆ-ಹೊಳೆಗಳಲ್ಲಿ ಅದು ಬೀಡುಬಿಟ್ಟಿದೆ. ಅದರ ಮುಳ್ಳಿಗೆ ಮೀನುಗಾರರ ಬಲೆ ಹರಿಯುತ್ತಿದೆ.

ಸಾವಿಗೆ ಹಲವು ಕಾರಣಗಳಿರಬಹುದು. ಹೊಸ ತೊಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಅಮೋನಿಯಾ. ಮೀನಿನ ಹೊಲಸು, ತಿಂದು ಬಿಟ್ಟ ಕಾಳಿನಿಂದ ಅದು ಹುಟ್ಟುತ್ತದೆ. ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ಗೋಲ್ಡ್ ಫಿಶ್ ನೀರನ್ನು ಬೇಗ ಕೆಡಿಸುತ್ತದೆ. ಹಳ್ಳದ ಮೀನುಗಳನ್ನು ಬೇರೆ ತೊಟ್ಟಿಗೆ ಹಾಕಿಸಿ. ವಾರಕ್ಕೆ ಎರಡು ಸಲ ಕಾಲುಭಾಗ ನೀರು ಬದಲಿಸಲಿ, ಒಮ್ಮೆಲೇ ಪೂರ್ತಿ ಬೇಡ. ಕ್ಲೋರಿನ್ ಹಾಕಿದ ನಳದ ನೀರನ್ನು ಒಂದು ದಿನ ಬಾಯಿ ತೆರೆದ ಪಾತ್ರೆಯಲ್ಲಿಟ್ಟು ಬಳಸಲಿ. ಹಳ್ಳದ ಮೀನು ಅಂಗಡಿಯ ಕಾಳು ಮುಟ್ಟದೆ ಹೋಗಬಹುದು. ಸೊಳ್ಳೆಮರಿ ಹಾಕಿ ನೋಡಲಿ. ಕರೆಂಟು ಹೋದಾಗ ಗಾಳಿಯ ಮೋಟಾರಿಗೆ ಏನು ವ್ಯವಸ್ಥೆ ಎಂಬುದನ್ನೂ ಅವನೇ ಯೋಚಿಸಲಿ.

ಅತ್ತೆಯವರ ಮಾತಿನಲ್ಲೂ ಹುರುಳಿದೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನನ್ನು ದೇವರದೆಂದು ಯಾರೂ ಹಿಡಿಯುವುದಿಲ್ಲ. ಜನ ದಂಡೆಯಲ್ಲೇ ನಿಂತು ಚುರಮರಿ ಹಾಕಿ ಕಣ್ತುಂಬ ನೋಡುತ್ತಾರೆ. ಮೀನಿನ ಮೇಲೆ ಪ್ರೀತಿಯಿದ್ದವರು ಅದನ್ನು ಮನೆಗೆ ತರಲೇಬೇಕೆಂದಿಲ್ಲ.

ತೊಟ್ಟಿಯನ್ನು ಕಸಿದುಕೊಳ್ಳಬೇಡಿ, ಎರಡು ಕರಾರು ಹಾಕಿ. ಈಗಿರುವ ಮೀನು ನೆಟ್ಟಗೆ ಬದುಕುವವರೆಗೆ ಹೊಸದೊಂದನ್ನೂ ತರಕೂಡದು. ನೀರು ಇಳಿದ ಮೇಲೆ ಅಪ್ಪನ ಜತೆ ಹಳ್ಳಕ್ಕೆ ಹೋಗಿ, ಹಳ್ಳದ ನೀರೇ ತುಂಬಿದ ಗಾಜಿನ ಬಾಟಲಿಯಲ್ಲಿ ಮೀನು ಹಿಡಿದು ನೋಡಿ, ಬಣ್ಣ, ರೆಕ್ಕೆ ಬರೆದುಕೊಂಡು ಅಲ್ಲೇ ಬಿಟ್ಟುಬರಲಿ. ಮೊದಲನೆಯದನ್ನು ಪಾಲಿಸಲು ಆಗದಿದ್ದರೆ ಎರಡನೆಯದೇ ಅವನಿಗೆ ಸಾಕು.