ಬೇಸಗೆಯೂ ಗಂಧದ ಲೇಪವೂ

ಚೈತ್ರ ವೈಶಾಖಗಳಲ್ಲಿ ಚಾಮುಂಡಿಬೆಟ್ಟದ ಬಂಡೆಗಳು ಕಾಯ್ದು ಮೈಸೂರಿನಲ್ಲಿ ಧಗೆಯೇರಿದಾಗ, ಲಿಂಗಪೂಜೆಗೆ ತೇಯ್ದ ಗಂಧದಲ್ಲಿ ಉಳಿದುದನ್ನು ಮಕ್ಕಳ ಕುತ್ತಿಗೆ ಬೆನ್ನುಗಳ ಬೆವರುಸಾಲೆಗೆ ಹಚ್ಚುವುದು ಹಳೆಯ ಮನೆಗಳ ವಾಡಿಕೆ. ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನಕ್ಕೂ ವಿಲೇಪನಕ್ಕೂ ಪ್ರತ್ಯೇಕ ಪ್ರಕರಣಗಳೇ ಇವೆ. ಮೊದಲನೆಯ ಮಹಾಯುದ್ಧದಲ್ಲಿ ಗಂಧದ ಕೊರಡುಗಳ ರಫ್ತಿಗೆ ತಡೆಯುಂಟಾದಾಗ ಸಂಸ್ಥಾನವು ಎಣ್ಣೆಯನ್ನು ಇಲ್ಲಿಯೇ ಭಟ್ಟಿಯಿಳಿಸತೊಡಗಿತು. ಮೈಸೂರು ಸ್ಯಾಂಡಲ್ ಸಾಬೂನು ಆ ಸಂಕಟದ ಫಲ.

ಆದರೆ ಲೇಪದ ವಿಷಯದಲ್ಲಿ ಒಂದು ತಪ್ಪು ಎಣಿಕೆಯುಂಟು. ಬೆವರಿನ ನಾಳಗಳು ಮುಚ್ಚಿಕೊಂಡು, ಬೆವರು ತೊಗಲಿನೊಳಗೇ ತಡೆದು ನಿಲ್ಲುವುದರಿಂದ ಬರುವ ಬಾಧೆಯೇ ಬೆವರುಸಾಲೆ. ಅದರ ಮೇಲೆ ಗಂಧವನ್ನೋ ಎಣ್ಣೆಯನ್ನೋ ಪೌಡರನ್ನೋ ದಪ್ಪನಾಗಿ ಮೆತ್ತುವುದು ಮುಚ್ಚಿದ ಬಾಗಿಲಿಗೆ ಅಗುಳಿ ಹಾಕಿದಂತೆ. ತೆಳುವಾಗಿ ಸವರಿ, ಒಣಗಿದೊಡನೆ ತಣ್ಣೀರಿನಿಂದ ತೊಳೆಯುವುದು ಲೇಸು. ಅಂಗಡಿಯ ಗಂಧದ ಪುಡಿಯಲ್ಲಿ ಗಂಧವೆಷ್ಟೋ ಬಣ್ಣವೆಷ್ಟೋ! ತುರಿಕೆ ಹೆಚ್ಚಿದರೆ ಕೂಡಲೇ ಬಿಡತಕ್ಕದ್ದು.

ಇನ್ನು, ಗಂಧವು ಬಿಸಿಲನ್ನು ತಡೆಯಲಾರದು. ಬೆಳಗಿನ 10ರಿಂದ ಮಧ್ಯಾಹ್ನ 3ರವರೆಗೆ ನೇರಳಾತೀತ ಕಿರಣಗಳು ಅತಿ ಪ್ರಬಲ. ಆ ಹೊತ್ತಿನಲ್ಲಿ ಬಾಲಕರನ್ನು ಬಯಲಿನಲ್ಲಿ ಕವಾಯತಿಗೆ ನಿಲ್ಲಿಸಿ, ಸಂಜೆ ಅವರ ಬೆಂದ ತೊಗಲಿಗೆ ಗಂಧ ಹಚ್ಚುವುದು ಉಪಚಾರವೆನಿಸದು. ಕ್ರೀಡೆ ಕವಾಯತುಗಳು 9 ಗಂಟೆಯೊಳಗೆ ಮುಗಿಯಲಿ. ವಿದ್ಯಾರ್ಥಿನಿಲಯದ ಹುಡುಗನಿಗೆ ಸಂಜೆ ಎರಡು ಕೊಡ ತಣ್ಣೀರು, ಒಣಗಿದ ಹತ್ತಿಯ ಅಂಗಿ ದೊರೆಯಲಿ. ದಾನಿಗಳು ಸಭಾಭವನಕ್ಕೆ ಕಲ್ಲು ಕೊಡುವಾಗ ಸ್ನಾನಗೃಹದ ತೊಟ್ಟಿಯನ್ನೂ, ಮೈದಾನದ ಅಂಚಿಗೆ ಒಂದು ಸಾಲು ಹೊಂಗೆಯ ಸಸಿಗಳನ್ನೂ ನೆನೆಯಬಹುದು.